ಹಿತ್ತಿಲಿಗೆ ಜೀವ ತುಂಬಿದ್ದು

ಆ ಮನೆಯಲ್ಲಿ ಮನೆಗಿಂತ ಹಿತ್ತಿಲೇ ದೊಡ್ಡದು. ಎರಡು ಕೋಣೆ, ಒಂದು ಅಡುಗೆಮನೆ, ಅಷ್ಟಕ್ಕೇ ಮನೆ ಮುಗಿಯಿತು. ಹಿಂಬಾಗಿಲು ತೆಗೆದರೆ ಮಾತ್ರ ಉದ್ದಕ್ಕೆ ಚಾಚಿಕೊಂಡ ಜಾಗ. ನಡುವೆ ನಲ್ಲಿ ಮತ್ತು ಒಗೆಯುವ ಕಲ್ಲು, ಅದರಾಚೆ ಬಟ್ಟೆ ಒಣಗಿಸುವ ತಂತಿ, ಕೊಟ್ಟಕೊನೆಯಲ್ಲಿ ಟಾಯ್ಲೆಟ್ಟು. ಬಾಗಿಲಿನಿಂದ ಅಲ್ಲಿಯವರೆಗೆ ಗೆರೆ ಎಳೆದ ಹಾಗೆ ನೇರವಾದ ಒಂದು ಕಾಲುದಾರಿ.

ಆ ದಾರಿಯ ಎಡಗಡೆಗೆ ಮಾವನ ಗುಜರಿ. ಮಾವ ಕೊಳಾಯಿ ರಿಪೇರಿ ಮಾಡುತ್ತಿದ್ದವರು. ಕೆಲಸಕ್ಕೆ ಹೋದ ಮನೆಗಳಿಂದ ಒಡೆದ ಬೇಸಿನ್ನು, ತುಕ್ಕು ತಿಂದ ಪೈಪು, ತಳ ಹೋದ ಬಕೆಟ್ಟು, ಏನು ಸಿಕ್ಕರೆ ಅದನ್ನು ಹೊತ್ತು ತಂದು ದಾರಿಯ ಅಂಚಿಗೆ ಒಂದರ ಹಿಂದೊಂದು ಹೂತು ನಿಲ್ಲಿಸಿದ್ದರು. ಯಾಕೆ ಎಂದು ಸೊಸೆ ಕೇಳಿದಾಗಲೆಲ್ಲ "ಇರ್ಲಿ ಬಿಡಮ್ಮ, ಬೇಕಾಗುತ್ತೆ" ಎಂಬ ಒಂದೇ ಉತ್ತರ. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಗುಜರಿ ಹಾಗೇ ಉಳಿಯಿತು.

ಅವರು ಹೋದ ಮೇಲೆ ಮನೆಗೆ ಮಂಕು ಕವಿಯಿತು. ಸೊಸೆಯ ಗಂಡ ಲಿಫ್ಟ್ ಮೆಕ್ಯಾನಿಕ್, ಬಂದ, ಉಂಡ, ಮಲಗಿದ. ಹದಿನಾಲ್ಕರ ಮಗಳು ಚೂಟಿ, ತಟ್ಟೆ ಒಂದು ಕೈಯಲ್ಲಿ, ಫೋನು ಒಂದು ಕೈಯಲ್ಲಿ ಹಿಡಿದು ಮೂಲೆ ಸೇರಿದಳು. ಎಲ್ಲರಿಗಿಂತ ಹೆಚ್ಚು ಬದಲಾದವರು ಅತ್ತೆ. ಮೊದಲೆಲ್ಲ ಗಂಡನ ತೋಳು ಹಿಡಿದು ಅಂಗಡಿಗೆ ಹೊರಟರೆಂದರೆ ಬೀದಿಯವರು "ಹೊಸ ಜೋಡಿ ಹೊರಡ್ತು ನೋಡಿ" ಎಂದು ರೇಗಿಸುತ್ತಿದ್ದರು. ಈಗ ಅವರು ಬೀದಿಗೆ ಕಾಲಿಡುವುದನ್ನೇ ಬಿಟ್ಟಿದ್ದರು. ನಾಲ್ಕು ಜನ ಒಟ್ಟಿಗೆ ಕೂತು ಉಂಡು ಎಷ್ಟು ದಿನವಾಯಿತು ಎಂದು ಸೊಸೆ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. ಈ ಮನೆ ಮತ್ತೆ ಮೊದಲಿನ ಹಾಗಾಗಬೇಕು, ಅತ್ತೆ ಮತ್ತೆ ನಗಬೇಕು, ಅವಳಿಗೆ ಬೇಕಾದದ್ದು ಇಷ್ಟೇ.

ಅತ್ತೆ ಬಿಡದೆ ಇದ್ದದ್ದು ಒಂದೇ, ಬಟ್ಟೆ ಒಗೆಯುವುದು. ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ವಸ್ತ್ರ ಒಗೆದ ಕೈ ಅದು. ದಿನಾ ಬೆಳಿಗ್ಗೆ ನಾಲ್ವರ ಬಟ್ಟೆಯೂ ಕಲ್ಲಿನ ಮೇಲೆ ಬೀಳಬೇಕು, ತಂತಿಯ ಮೇಲೆ ಅಂಚಿಗೆ ಅಂಚು ಸೇರಿ ನಿಲ್ಲಬೇಕು. ಯಾರಾದರೂ ನೆರವಿಗೆ ಹೋದರೆ "ನಿಮ್ಮ ಕೈಗೆ ಕೊಟ್ರೆ ನೀರು ದಂಡ" ಎಂದು ಓಡಿಸುತ್ತಿದ್ದರು.

ಸೊಸೆ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸದವಳು. ಅಲ್ಲಿಗೆ ತಿಂಗಳಿಗೊಮ್ಮೆ ಕೂದಲಿಗೆ ಬಣ್ಣ ಹಾಕಿಸಲು ಬರುತ್ತಿದ್ದ ಹೆಂಗಸೊಬ್ಬರು ಮನೆಮನೆಗೆ ಹೋಗಿ ಫೆಂಗ್ ಶೂಯಿ, ಅಂದರೆ ಚೀನೀಯರ ವಾಸ್ತು, ಹೇಳುವವರು. ಎಲ್ಲರೂ ಅವರನ್ನು ಫೆಂಗ್ ಶೂಯಿ ಮೇಡಂ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಸೊಸೆಯ ಮುಖ ನೋಡಿಯೇ ಕೇಳಿದರು:

"ಏನಮ್ಮಾ, ಮನೇಲಿ ಏನೋ ಸರಿ ಇಲ್ವಾ?"

ಅಷ್ಟು ಕೇಳಿದ್ದೇ ಸಾಕಾಯಿತು. ಬಣ್ಣದ ಬ್ರಶ್ಶು ಕೈಯಲ್ಲಿ ಹಿಡಿದುಕೊಂಡೇ ಸೊಸೆ ಎಲ್ಲ ಹೇಳಿಬಿಟ್ಟಳು. ಮೇಡಂ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಕೇಳಿದರು:

"ಹಿತ್ತಿಲು ಹೇಗಿದೆ ನಿಮ್ಮನೇದು?"

"ಹಿತ್ತಿಲಾ? ಗುಜರಿ ತುಂಬಿದೆ ಮೇಡಂ."

"ಅಲ್ಲೇ ನೋಡು ಇರೋದು. ಎಲ್ರೂ ಒಳಗಡೆ ಸರಿ ಮಾಡ್ತಾರೆ, ಹೊರಗಡೆ ಮರೀತಾರೆ. ಹೊರಗಿನ ಜಾಗಾನೂ ಮನೇನೇ. ಒಡೆದದ್ದು, ಸತ್ತದ್ದು ಅಲ್ಲಿರಬಾರದು, ಶಕ್ತಿ, ಚೀ ಅಂತಾರೆ ಅದನ್ನ, ನಿಂತು ಕೊಳೆಯುತ್ತೆ. ದಾರಿ ನೇರ ಇದ್ರೆ ಬಂದ ಶಕ್ತಿ ಹಾಗೇ ಓಡಿಹೋಗುತ್ತೆ, ಸ್ವಲ್ಪ ಬಳುಕಬೇಕು. ನೀರು, ಬೆಳಕು, ಗಾಳಿಗಂಟೆ, ಯಾವಾಗಲೂ ಹಸಿರಾಗಿರೋ ಗಿಡ. ಬಿಸಿಲಿಗೊಂದು ಜಾಗ, ಮಳೆಗೊಂದು, ಚಳಿಗೊಂದು. ಕಾಲಕ್ಕೆ ತಕ್ಕ ಹಾಗೆ ಕುರ್ಚಿ, ಕುಂಡ ಎಲ್ಲ ಜರುಗಿಸ್ತಾ ಇರಬೇಕು. ಆಗ ವರ್ಷಪೂರ್ತಿ ಜೀವಂತವಾಗಿರುತ್ತೆ."

ಆ ಭಾನುವಾರವೇ ಸೊಸೆ ಸೊಂಟ ಕಟ್ಟಿ ನಿಂತಳು. ಗುಜರಿಯವನು ತಳ್ಳುಗಾಡಿ ತಂದ. ಮೊದಲ ಬಕೆಟ್ಟು ಕಿತ್ತ ಸದ್ದಿಗೆ ಅತ್ತೆ ಹಿಂಬಾಗಿಲಿಗೆ ಬಂದರು.

"ಏನದು?"

"ಗುಜರಿ ತೆಗೆಸ್ತಿದೀನಿ ಅತ್ತೆ. ಹಿತ್ತಿಲು ಚೆಂದ ಮಾಡೋಣ."

"ಅವು ಅಲ್ಲೇ ಇರ್ಲಿ."

"ಒಡೆದದ್ದು ಅತ್ತೆ. ಒಡೆದದ್ದು ಇಟ್ಕೊಂಡ್ರೆ ಮನೆಗೆ ಒಳ್ಳೇದಲ್ಲ, ಚೀ ನಿಂತುಹೋಗುತ್ತಂತೆ."

"ಛೀ ಅಂತ ಬೈಯೋದು ಗೊತ್ತು ನಂಗೆ. ನಿಲ್ಲೋದು ಬೇರೆ ಉಂಟಾ?"

ಚೂಟಿ ಕಿಸಕ್ಕೆಂದಳು. ಅತ್ತೆ ನಗಲಿಲ್ಲ. "ಅವು ಇರ್ಲಿ ಅಂದೆ. ಅವರು ಇಟ್ಟಿದ್ದು" ಎಂದರು ಮತ್ತೊಮ್ಮೆ, ಸಣ್ಣ ದನಿಯಲ್ಲಿ.

ಗಂಡ ಚಹಾ ಲೋಟ ಹಿಡಿದು ಬಂದ. "ಅಮ್ಮಾ, ಅಪ್ಪನ ನೆನಪು ಈ ತುಕ್ಕಲ್ಲಿ ಇದ್ಯಾ? ತೆಗೀಲಿ ಬಿಡು, ಓಡಾಡೋಕೆ ಜಾಗ ಆಗುತ್ತೆ."

ಅತ್ತೆ ಬಾಗಿಲ ಚೌಕಟ್ಟನ್ನು ಮೆಲ್ಲಗೆ ಸವರಿದರು. ಹಾಗೇ ಹಿಂದೆ ಸರಿದು ಒಳಗೆ ಹೋದರು. ಹಳೆಯ ನೆನಪಿಗೆ ನೊಂದುಕೊಂಡರೆಂದು ಸೊಸೆ ತಿಳಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು.

ವಾರದೊಳಗೆ ಹಿತ್ತಿಲ ಗುರುತೇ ಸಿಗದ ಹಾಗಾಯಿತು. ನೇರ ದಾರಿಯ ಕಲ್ಲು ಕಿತ್ತು ಇಟ್ಟಿಗೆಯಲ್ಲಿ ಬಳುಕು ದಾರಿ ಹಾಕಿಸಿದಳು. ತಂತಿಯನ್ನು ಗೋಡೆ ಪಕ್ಕಕ್ಕೆ ಸರಿಸಿದಳು. ನಾಲ್ಕು ಬೆತ್ತದ ಕುರ್ಚಿ, ಒಂದು ಗಾಳಿಗಂಟೆ, ಕೊನೆಯ ಗೋಡೆಗೊಂದು ಕನ್ನಡಿ, ಅಗಲ ಎಲೆಯ ಗಿಡಗಳು. ಮೊದಲ ದಿನ ಸಂಜೆ ಊಟ ಅಲ್ಲೇ ಬಡಿಸಿದಳು. ಅನ್ನ, ಬೇಳೆ, ಮೊಟ್ಟೆ. ಗಂಡ ಎರಡು ಸಲ ಅನ್ನ ಹಾಕಿಸಿಕೊಂಡ. ಚೂಟಿ ಫೋನು ಬಿಟ್ಟು ಶಾಲೆಯ ಮೇಷ್ಟರ ಗೊರಕೆಯ ಕಥೆ ಹೇಳಿದಳು. ಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅತ್ತೆ ಮಾತ್ರ ಮೊಮ್ಮಗಳ ಕೈ ಹಿಡಿದು ಬಂದು ಕೂತವರು, ಅವಳ ಕೈ ಹಿಡಿದೇ ಒಳಗೆ ಹೋದರು.

ಅಲ್ಲಿಂದ ಮುಂದೆ ಒಂದೊಂದೇ ಶುರುವಾಯಿತು. ಅತ್ತೆ ಸಂಜೆಯ ಚಹಾ ಬೇಡವೆಂದರು. ಮಧ್ಯಾಹ್ನದ ಮೇಲೆ ನೀರೂ ಮುಟ್ಟಲಿಲ್ಲ. ತಂತಿಯ ಮೇಲಿನ ಬಟ್ಟೆ ಸೊಟ್ಟಗೆ ಜೋತಾಡತೊಡಗಿತು, ಒಂದು ದಿನ ಗಂಡನ ಕೆಲಸದ ಅಂಗಿ ಮಣ್ಣಲ್ಲಿ ಬಿದ್ದಿತ್ತು.

"ಏನತ್ತೆ, ಚಹಾ ಬಿಟ್ರಂತೆ?"

"ಸೇರಲ್ಲ."

"ಮೂವತ್ತು ವರ್ಷದಿಂದ ಸೇರಿದ್ದು ಈಗ ಸೇರಲ್ವಾ?"

"ವಯಸ್ಸಾಯ್ತಲ್ಲಮ್ಮ."

ಇದು ಮುನಿಸೆಂದು ಸೊಸೆ ತೀರ್ಮಾನಿಸಿದಳು. ಮುನಿಸು ಹೋಗಬೇಕಾದರೆ ಹಿತ್ತಿಲಿನಲ್ಲಿ ಇನ್ನೂ ಏನೋ ಸರಿಯಾಗಬೇಕು. ಮೇಡಂ ಹೇಳಿದ್ದು ಕಾಲಕ್ಕೊಮ್ಮೆ ಜರುಗಿಸು ಎಂದು. ಇವಳಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿ? ಎರಡು ವಾರಕ್ಕೊಮ್ಮೆ ಕುರ್ಚಿಗಳನ್ನು ಆ ಕಡೆಯಿಂದ ಈ ಕಡೆ, ಕುಂಡಗಳನ್ನು ಈ ಕಡೆಯಿಂದ ಆ ಕಡೆ ಎಳೆದಾಡಿದಳು. ಫಲ ಕಾಣದಿದ್ದಷ್ಟೂ ಹಠ ಹೆಚ್ಚಿತು. ಎರಡು ವಾರದಲ್ಲಿ ಅತ್ತೆ ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತಿದ್ದರು, ಬಟ್ಟೆ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು, ಅಷ್ಟರಲ್ಲಿ ಮತ್ತೆ ಜರುಗಿಸುವ ಭಾನುವಾರ ಬರುತ್ತಿತ್ತು.

ಆರನೇ ವಾರ ಚಳಿ ಶುರುವಾಯಿತು. ಚಳಿಗಾಲದಲ್ಲಿ ಹರಿಯುವ ನೀರಿನ ಸದ್ದು ಇರಬೇಕೆಂದು ಸೊಸೆ ಕರೆಂಟಿನ ಸಣ್ಣ ಕಾರಂಜಿ ಇರುವ ಗಿಡ್ಡ ಸಿಮೆಂಟು ತೊಟ್ಟಿಯೊಂದನ್ನು ತಂದು ದಾರಿಯ ಬಳುಕಿನಲ್ಲಿ ಇರಿಸಿದಳು. ಅತ್ತೆಗೆ ಬಿಸಿಲು ಚೆನ್ನಾಗಿ ಬೀಳುವ ಕಡೆ ಮೆತ್ತೆ ಹಾಕಿದ ಕುರ್ಚಿ ಇಟ್ಟಳು. ಶನಿವಾರ ಸಂಜೆ ಎಲ್ಲರನ್ನೂ ಕರೆದಳು. ಅತ್ತೆ ಹಿಂಬಾಗಿಲಿನಿಂದ ಈಚೆ ಬರಲಿಲ್ಲ.

"ಬನ್ನಿ ಅತ್ತೆ, ನಿಮಗೋಸ್ಕರ ಮಾಡಿದ್ದು."

"ಇಲ್ಲೇ ಕೂತಿರ್ತೀನಿ."

"ಚಳಿಗೆ ಅಂತ ಬೇರೆ ಜಾಗ ಮಾಡಿದೀನಿ, ಬಂದು ನೋಡಿ."

"ಇಲ್ಲಿಂದ್ಲೇ ಕಾಣುತ್ತೆ. ಚೆನ್ನಾಗಿದೆ."

"ಏನ್ ಚೆನ್ನಾಗಿದೆ? ನೀವು ಗೋಡೆ ಕಡೆ ನೋಡ್ತಿದೀರ!" ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು. "ಒಂದೂವರೆ ತಿಂಗಳಿಂದ ಬೆನ್ನು ಮುರಿದು ದುಡೀತಿದೀನಿ. ಒಂದು ದಿನ ಕಣ್ಣೆತ್ತಿ ನೋಡಿದ್ರಾ? ಚಹಾ ಕೊಟ್ರೆ ಬೇಡ, ಕುರ್ಚಿ ಹಾಕಿದ್ರೆ ಬೇಡ. ನಿಮ್ಮ ಗಂಡನ ತುಕ್ಕು ಡಬ್ಬ ಎಸೆದೆ ಅಂತ ತಾನೆ ಈ ಸೇಡು?"

"ಅಮ್ಮಾ!" ಎಂದಳು ಚೂಟಿ.

"ನೀನು ಸುಮ್ನಿರು."

ಗಂಡ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಹೋಗ್ಲಿ ಬಿಡೇ. ಅಮ್ಮಾ, ನೀನೂ ಒಂದ್ಸಲ ಬಂದು ಕೂತ್ರೆ ಏನಾಗುತ್ತೆ? ಅವಳಿಗೂ ಸಮಾಧಾನ."

ಅತ್ತೆ ಬಾಗಿಲು ಹಿಡಿದು ಎದ್ದರು. "ನಾಳೆ ಬರ್ತೀನಮ್ಮ. ಬಟ್ಟೆ ಹಾಕಿ ಅಲ್ಲೇ ಕೂರ್ತೀನಿ" ಎಂದರು. ಸೊಸೆಗೆ ಗೆದ್ದೆನೆನಿಸಿತು. ಆ ಗೆಲುವು ನೆನಪಾದಾಗಲೆಲ್ಲ ಇವತ್ತಿಗೂ ಅವಳು ನಾಚಿಕೆಯಿಂದ ಕುಗ್ಗುತ್ತಾಳೆ.

ಭಾನುವಾರ ಬೆಳಿಗ್ಗೆ, ಎಳೆಬಿಸಿಲು ಹೊರಟಿತ್ತು. ಅಡುಗೆಮನೆಯಲ್ಲಿ ಚಪಾತಿ ಒತ್ತುತ್ತಿದ್ದ ಸೊಸೆಗೆ ಕಿಟಕಿಯಿಂದ ಅತ್ತೆ ಕಂಡರು. ಒಗೆದ ಹೊದಿಕೆಗಳ ಬುಟ್ಟಿ ಸೊಂಟದ ಮೇಲಿತ್ತು. ನಡಿಗೆ ನಿಧಾನವಾಗಿತ್ತು. ಎಡಗಾಲು ಮುಂದಿಟ್ಟು, ನೆಲವನ್ನು ಸವರಿ, ಆಮೇಲೆ ಬಲಗಾಲು. ಇದೇನು ಹೀಗೆ ನಡೀತಾರೆ ಎಂದುಕೊಳ್ಳುವಷ್ಟರಲ್ಲಿ ಅತ್ತೆ ಸೀದಾ ಹೋಗಿ ತೊಟ್ಟಿಗೆ ಎಡವಿದರು. ಬುಟ್ಟಿ ಒಂದು ಕಡೆ, ಅವರು ಒಂದು ಕಡೆ. ಸೊಸೆ ಹಿಟ್ಟಿನ ಕೈಯಲ್ಲೇ ಓಡಿದಳು. ಅತ್ತೆಯ ಹಣೆಯಿಂದ ರಕ್ತ ಇಳಿಯುತ್ತಿತ್ತು, ಬಲಗೈ ತಿರುಚಿ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಎಡಗೈ ಮಾತ್ರ ಮಣ್ಣಲ್ಲಿ ತಡಕಾಡುತ್ತಿತ್ತು.

"ಬಟ್ಟೆ... ಬಟ್ಟೆ ಎಲ್ ಬಿತ್ತು? ಮಣ್ಣಾಯ್ತಾ?"

ಬಟ್ಟೆ ಅವರ ಮುಖದ ಮುಂದೆಯೇ, ಒಂದು ಗೇಣು ದೂರದಲ್ಲಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಹಣೆಗೆ ಐದು ಹೊಲಿಗೆ ಹಾಕಿದರು. ಮಣಿಕಟ್ಟಿಗೆ ಪ್ಲಾಸ್ಟರು. ತಲೆಗೆ ಪೆಟ್ಟಾಗಿದೆಯಲ್ಲ ಎಂದು ಡಾಕ್ಟರು ಚೀಟಿ ಬರೆಯುತ್ತಲೇ ಕೇಳಿದರು:

"ಅಜ್ಜೀ, ನನ್ನ ಕೈಲಿ ಎಷ್ಟು ಬೆರಳಿದೆ ಹೇಳಿ?"

"ಮೂರು" ಎಂದರು ಅತ್ತೆ ತಟ್ಟನೆ.

ಡಾಕ್ಟರು ಇನ್ನೂ ಕೈಯನ್ನೇ ಎತ್ತಿರಲಿಲ್ಲ. ಒಂದು ಕೈಯಲ್ಲಿ ಪೆನ್ನಿತ್ತು, ಇನ್ನೊಂದು ಮೇಜಿನ ಮೇಲಿತ್ತು. ಅವರು ಪೆನ್ನು ಕೆಳಗಿಟ್ಟು, ಟಾರ್ಚು ಹಿಡಿದು ಬಂದು ಎರಡೂ ಕಣ್ಣು ನೋಡಿದರು. ಮಗನ ಕಡೆ ತಿರುಗಿ ಕೇಳಿದರು:

"ಇವರಿಗೆ ಕಣ್ಣು ಹೋಗಿ ಎಷ್ಟು ವರ್ಷ ಆಯ್ತು?"

"ಯಾರಿಗೆ?" ಎಂದ ಮಗ.

ಬೆಡ್ಡಿನ ಮೇಲೆ ಅತ್ತೆ, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಕಣ್ಣಿನ ನರ ಒಣಗಿಹೋಗಿದೆ, ಬೆಳಕು ಕತ್ತಲೆಯ ಗುರುತು ಬಿಟ್ಟರೆ ಏನೂ ಕಾಣದು, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳುತ್ತಾ ಹೋದರು.

ಮನೆಗೆ ಬಂದ ಮೇಲೆ ಚೂಟಿ ಅತ್ತು ಅತ್ತು ಬಿಕ್ಕಳಿಸಿದಳು. ಅಜ್ಜಿಯ ಪಕ್ಕದಲ್ಲೇ ಮಲಗುವವಳು ಅವಳು. "ದಿನಾ ನನ್ನ ಮುಖ ಸವರ್ತಿದ್ರು ಅಮ್ಮಾ. ಮುದ್ದಿಗೆ ಅಂದ್ಕೊಂಡಿದ್ದೆ. ನಾನು ಹೇಗಿದೀನಿ ಅಂತ ನೋಡ್ತಿದ್ರು."

ಮಧ್ಯಾಹ್ನ ಸೊಸೆ ಅನ್ನ ಕಲಸಿಕೊಂಡು ಅತ್ತೆಯ ಹಾಸಿಗೆಯ ಮೇಲೆ ಕೂತು ತುತ್ತು ಕೊಟ್ಟಳು. ನಾಲ್ಕನೆಯ ತುತ್ತು ಕಲಸುತ್ತಾ ಕೇಳಿದಳು:

"ಮಾವಂಗೆ ಗೊತ್ತಿತ್ತಾ ಅತ್ತೆ?"

"ಅವರಿಗೊಬ್ರಿಗೇ. ಪೂರ್ತಿ ಕತ್ತಲಾಗಿ ಎರಡು ವರ್ಷ ಆಯ್ತು. ತೋಳು ಹಿಡ್ಕೊಂಡು ಹೋಗ್ತಿದ್ನಲ್ಲ, ನೀವೆಲ್ಲ ನಗ್ತಿದ್ರಿ."

"ಮತ್ತೆ ಆ ಗುಜರಿ..."

"ಬಕೆಟ್ಟು ಕಾಲಿಗೆ ತಗುಲಿದ್ರೆ ನಲ್ಲಿ ಬಂತು ಅಂತ. ಬೇಸಿನ್ನು ಸಿಕ್ರೆ ತಂತಿ. ಪೈಪು ಮೂರು ಒಟ್ಟಿಗೆ ಇದ್ರೆ ಟಾಯ್ಲೆಟ್ ಮೆಟ್ಲು. ಒಂದೊಂದಾಗಿ ಹೂತು, ನನ್ನ ಕಾಲು ಮುಟ್ಟಿಸಿ ಪಾಠ ಹೇಳ್ಕೊಟ್ಟಿದ್ರು."

ಸೊಸೆ ತುತ್ತನ್ನು ತಟ್ಟೆಗೆ ಇಟ್ಟಳು. ಚಹಾ ಯಾಕೆ ಬೇಡವೆಂದರು, ನೀರು ಯಾಕೆ ಬಿಟ್ಟರು, ಎಲ್ಲ ಒಟ್ಟಿಗೆ ಅರ್ಥವಾಯಿತು. ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು. ಹೋಗಲು ದಾರಿ ಎಲ್ಲಿತ್ತು? ಕಷ್ಟಪಟ್ಟು ಕಲಿತ ದಾರಿಯನ್ನು ಪ್ರತಿ ಎರಡು ವಾರಕ್ಕೆ ತಾನೇ ಅಳಿಸಿದ್ದಳು, ಅದೂ ಅವರಿಗೆ ಒಳ್ಳೆಯದಾಗಲೆಂದು.

"ಒಂದು ಮಾತು ಹೇಳಬಾರದಿತ್ತಾ ಅತ್ತೆ? ನಾನು ಅಷ್ಟೊಂದು ಕೆಟ್ಟವಳಾ?"

"ಕೆಟ್ಟವಳಾಗಿದ್ರೆ ಹೇಳ್ತಿದ್ದೆ" ಎಂದರು ಅತ್ತೆ. "ನಮ್ಮಮ್ಮಂಗೂ ಹೀಗೇ ಆಗಿತ್ತು. ಮನೇಲಿ ಎಲ್ರೂ ಒಳ್ಳೇವ್ರೇ, ಪಾಪ. ಮೊದಲು ಅವಳ ಕೈಯಿಂದ ಸೌಟು ತಗೊಂಡ್ರು, ಆಮೇಲೆ ಪೊರಕೆ ತಗೊಂಡ್ರು. ನೀನು ಕೂತ್ಕೋ, ನೀನು ಕೂತ್ಕೋ ಅಂತ ಒಂದು ಕುರ್ಚಿ ಕೊಟ್ರು. ಹದಿನಾಲ್ಕು ವರ್ಷ ಕೂತಿದ್ಲು ಅದ್ರಲ್ಲಿ. ದಿನಾ ಸಂಜೆ ನನ್ನ ಹತ್ರ ಕೇಳೋಳು, ಇವತ್ತು ನಾನೇನ್ ಮಾಡ್ದೆ ಹೇಳು ಅಂತ." ಸ್ವಲ್ಪ ತಡೆದು, ಎಡಗೈಯಿಂದ ಸೊಸೆಯ ಮೊಣಕಾಲು ಹುಡುಕಿ ಹಿಡಿದುಕೊಂಡರು. "ಬಟ್ಟೆ ಕೆಲಸ ಒಂದು ನಂಗೆ ಬಿಟ್ಬಿಡಮ್ಮ. ಇನ್ನೇನೂ ಕೇಳಲ್ಲ."

"ಬಿಡ್ತೀನಿ ಅತ್ತೆ. ಆಣೆ."

ಮನಸ್ಸಿನಿಂದಲೇ ಹೇಳಿದ್ದಳು. ಮರುದಿನ ಪಾರ್ಲರಿಗೆ ರಜಾ ಹಾಕಿ ಗುಜರಿ ಅಂಗಡಿಗೆ ಓಡಿದಳು. ಆ ಮಾಲು ಯಾವತ್ತೋ ಕರಗಿಸಲು ಹೋಗಿತ್ತು. ಬೇರೆ ಬಕೆಟ್ಟು, ಬೇರೆ ಪೈಪು ತಂದು ಹೂಳಲು ಕೂತರೆ ಗಂಡ ಹಾರೆ ಕಸಿದುಕೊಂಡ.

"ಹುಚ್ಚಾ ನಿಂಗೆ? ಮತ್ತೆ ಎಡವಿ ಬೀಳ್ಲಿ ಅಂತಾನಾ?"

"ಅವರು ಅದನ್ನ ಹಿಡ್ಕೊಂಡೇ ಓಡಾಡ್ತಿದ್ದದ್ದು ರೀ. ಅವರಿಗೆ ಕೆಲಸ ಬೇಕು."

"ಕಣ್ಣಿಲ್ಲದ ತಾಯಿ ಕೈಲಿ ಎರಡು ವರ್ಷ ನನ್ನ ಚಡ್ಡಿ ಒಗೆಸಿದೀನಿ ಕಣೇ!" ಎಂದು ಕೂಗಿದ ಅವನು, ಕೂಗಿ ಅಲ್ಲೇ ಕುಸಿದು ಅತ್ತ. ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಸಲ ಅವನು ಅಳುವುದನ್ನು ಸೊಸೆ ನೋಡಿದಳು. ಅದರ ಮುಂದೆ ಆಣೆ ಗೀಣೆ ಎಂದು ವಾದಿಸುವ ಬಾಯಿ ಅವಳಿಗೆ ಬರಲಿಲ್ಲ.

ಮಾರನೆಯ ವಾರವೇ ಬಟ್ಟೆ ಒಗೆಯುವ ಮಷೀನು ಬಂತು. ಗಂಡ ಟಾಯ್ಲೆಟ್ಟನ್ನು ಒಳಕೋಣೆಯ ಪಕ್ಕದಲ್ಲೇ ಕಟ್ಟಿಸಿದ. ಕಾರಂಜಿ, ಕನ್ನಡಿ ಎಲ್ಲ ಹೋದವು. ಎಲ್ಲರೂ ಅತ್ತೆಯ ಮೇಲೆ ಪ್ರೀತಿ ಸುರಿದರು. ಚೂಟಿ ಶಾಲೆಗೆ ಹೋಗುವ ಮೊದಲು ಅಜ್ಜಿಯನ್ನು ಕೈಹಿಡಿದು ಹೊರಗೆ ಕರೆತಂದು ಮೆತ್ತೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದಳು, ಸಂಜೆ ಮಗ ಬಂದು ಒಳಗೆ ಕರೆದೊಯ್ಯುತ್ತಿದ್ದ. ಹೋಗುವವರು ಬರುವವರು ಅಲ್ಲೇ ನಿಂತು ಮಾತಾಡಿಸುತ್ತಿದ್ದರು. ರಾತ್ರಿಯ ಊಟ ನಾಲ್ವರದೂ ಒಟ್ಟಿಗೆ. ಪಾರ್ಲರಿನಲ್ಲಿ ಮೇಡಂ ಕೇಳಿದಾಗ ಸೊಸೆ ಹೇಳಿದಳು, ಹೌದು ಮೇಡಂ, ಹಿತ್ತಿಲು ಈಗ ಯಾವಾಗಲೂ ತುಂಬಿರುತ್ತೆ. ಹೇಳಿ ಬಾತ್‌ರೂಮಿಗೆ ಹೋಗಿ ಅತ್ತಳು.

ಅತ್ತೆ ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ಕೊಟ್ಟದ್ದನ್ನು ಉಂಡರು, ಕೊಟ್ಟ ಚಹಾ ಕುಡಿದರು. ಪ್ಲಾಸ್ಟರು ಬಿಚ್ಚಿದ ಮೇಲೂ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಇರುತ್ತಿದ್ದರು. ಒಂದು ಸಂಜೆ ಅವರು ಚೂಟಿಯನ್ನು ಕೇಳಿದ್ದು ಸೊಸೆಯ ಕಿವಿಗೆ ಬಿತ್ತು: "ಇವತ್ತು ನಾನೇನ್ ಮಾಡ್ದೆ ಪುಟ್ಟಾ?"

ಮರುದಿನ ಗಂಡ ಕೆಲಸಕ್ಕೆ ಹೋಗುವುದನ್ನೇ ಸೊಸೆ ಕಾದಿದ್ದಳು. ಅವನು ಹೋದದ್ದೇ ಬಕೆಟ್ಟಿಗೆ ನೀರು ಹಿಡಿದು, ಸಾಬೂನು ಇಟ್ಟು, ಅತ್ತೆಯನ್ನು ಕಲ್ಲಿನ ಹತ್ತಿರ ಕರೆದೊಯ್ದಳು.

"ಅತ್ತೆ, ಒಂದು ಅಂಗಿ ಇದೆ. ಒಗೆದುಕೊಡ್ತೀರಾ?"

ಅತ್ತೆಯ ಮುಖ ಅರಳಿತು. ಸೀರೆಯ ನೆರಿಗೆ ಸಿಕ್ಕಿಸಿ, ತೋಳು ಮೇಲೆ ಮಾಡಿ, "ಕೊಡು ಕೊಡು" ಎಂದು ಕೈ ಚಾಚಿದರು. ಸೊಸೆ ಕಪಾಟಿನಿಂದ ತಂದಿದ್ದ ಚೂಟಿಯ ಶಾಲೆಯ ಅಂಗಿಯನ್ನು ಕೊಟ್ಟಳು. ಕೈಗೆ ಇನ್ನೂ ಬಲ ಬಂದಿಲ್ಲ, ಕೊಳೆ ಉಳಿದುಬಿಟ್ಟರೆ ಅವರಿಗೇ ಬೇಜಾರು ಎಂದು ಯೋಚಿಸಿ ತಂದಿದ್ದಳು. ಅತ್ತೆ ಅಂಗಿಯ ಕಾಲರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಮೂಗಿನ ಹತ್ತಿರ ಹಿಡಿದರು.

"ಇದು ಒಗೆದದ್ದು ಕಣಮ್ಮ."

ಸೊಸೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ಮಗೂಗೆ ಆಟ ಸಾಮಾನು ಕೊಟ್ಟ ಹಾಗೆ ಕೊಡಬೇಡ. ಕೊಳೆ ಇರೋದು ಕೊಡು" ಎಂದರು ಅತ್ತೆ. ದನಿಯಲ್ಲಿ ಕೋಪವಿರಲಿಲ್ಲ.

"ತಂದೆ ಅತ್ತೆ, ಈಗ ತಂದೆ" ಎನ್ನುತ್ತಾ ಸೊಸೆ ಒಳಗೆ ಓಡಿದಳು. ಅಡುಗೆಮನೆಯ ಪಕ್ಕದಲ್ಲಿ ಮಷೀನು ಗಿರಗಿರನೆ ತಿರುಗುತ್ತಿತ್ತು. ಗಂಡ ಹೋಗುವ ಮುಂಚೆ ತಾನೇ ಹಾಕಿಹೋಗಿದ್ದ, ತಾಯಿ ಅನುಭವಿಸಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಅವನು ಒಂದು ಕರ್ಚೀಫನ್ನೂ ಬಿಡದೆ ಹಾಕುತ್ತಿದ್ದ. ಗಾಜಿನ ಹಿಂದೆ ನಾಲ್ವರ ಬಟ್ಟೆಯೂ ನೊರೆಯಲ್ಲಿ ಹೊರಳುತ್ತಿತ್ತು. ಮಷೀನಿನ ಬಾಗಿಲು ಎಳೆದಳು, ಬರಲಿಲ್ಲ. ಬಚ್ಚಲಿನ ಗೂಟ ನೋಡಿದಳು. ಬಾಗಿಲ ಹಿಂದೆ, ಮಂಚದ ಕೆಳಗೆ, ಚೂಟಿಯ ಚೀಲದೊಳಗೆ ನೋಡಿದಳು. ಎಲ್ಲ ಕಡೆ ಮಡಿಸಿಟ್ಟ ಶುಭ್ರವಾದ ಬಟ್ಟೆ. ಅವಳ ಮೈಮೇಲಿದ್ದದ್ದು ಕೂಡ ಸ್ನಾನ ಮಾಡಿ ಆಗತಾನೆ ಉಟ್ಟದ್ದು.

"ಸಿಕ್ತೇನಮ್ಮಾ?" ಎಂದು ಹಿತ್ತಿಲಿನಿಂದ ಕೇಳಿಸಿತು.

"ಹುಡುಕ್ತಿದೀನಿ ಅತ್ತೆ."

ಮಷೀನಿನ ಮೇಲೆ ಕೈಯೂರಿ ನಿಂತಳು. ಅದರ ನಡುಕ ಅಂಗೈಯಿಂದ ಹತ್ತಿ ಮೊಣಕೈವರೆಗೆ ಬರುತ್ತಿತ್ತು. ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಕಪಾಟು ತೆಗೆದಳು, ಮುಚ್ಚಿದಳು.

ಹೊರಗೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

"ಇಲ್ದಿದ್ರೆ ಇರ್ಲಿ ಬಾರಮ್ಮ" ಎಂದರು ಅತ್ತೆ. "ನಿಂಗೆ ಕೆಲಸಕ್ಕೆ ಹೊತ್ತಾಯ್ತು. ನನ್ನನ್ನ ಕುರ್ಚೀಲಿ ಕೂರಿಸಿ ಹೋಗು."